ಹತ್ತನೇ ಸದ್ದು

ಮೂವತ್ತೆರಡು ವರ್ಷದ ಹಿಂದೆ ಅಕ್ಕನ ದನಿಯನ್ನು ಟೇಪಿಗೆ ಹಿಡಿಯುವುದಕ್ಕೆಂದು ಕಾರ್ಖಾನೆಯವರು ಬೆಸುಗೆಯ ಹೊಗೆ ಎಳೆಯುವ ಫ್ಯಾನನ್ನು ನಿಲ್ಲಿಸಿದರು, ಹಿಡಿದಾದ ಮೇಲೆ ಮತ್ತೆ ಹಾಕಲಿಲ್ಲ. ಈಗ ಗುಂಯ್ ಎನ್ನುತ್ತಿದೆ ಪೆಟ್ಟಿಗೆ, ಒಂದೇ ಸಮನೆ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಸಿಕ್ಕಿಬಿದ್ದ ಜೇನುನೊಣದ ಹಾಗೆ, ಅಲ್ಲ, ಜೇನಿಗಿಂತ ದಪ್ಪ, ನೀರೊಳಗೆ ತಲೆ ಮುಳುಗಿಸಿದಾಗ ಕಿವಿಯೊಳಗೇ ಹುಟ್ಟುತ್ತದಲ್ಲ ಆ ಸದ್ದು — ಅವಳು ಆಟದ ಪೆಟ್ಟಿಗೆಯ ಹಿಂಬಾಗಿಲು ತೆಗೆದು ನೆಲಕ್ಕೆ ಕೂತು ಐದು ನಿಮಿಷವಾಯಿತು, ಇನ್ನೂ ಒಂದು ಸ್ಕ್ರೂ ಮುಟ್ಟಿಲ್ಲ, ಮೊದಲು ಕೇಳಬೇಕು, ಕೈ ಆಮೇಲೆ, ಅದು ಅವಳ ಪದ್ಧತಿ, ಅದಕ್ಕೇ ಈ ಗೇಮ್ ಪಾರ್ಲರಿನಲ್ಲಿ ಎಲ್ಲರೂ ಅವಳನ್ನು ಕಿವಿಯಮ್ಮ ಎನ್ನುತ್ತಾರೆ. ಶಟರು ಅರ್ಧ ಎತ್ತಿದೆ, ಬೆಳಗಿನ ಬಿಸಿಲು ಮಂಡಿಯೆತ್ತರಕ್ಕೆ ಮಾತ್ರ ಒಳಗೆ ಬಂದಿದೆ, ಅದರಾಚೆ ಸಾಲಾಗಿ ನಿಂತ ಪೆಟ್ಟಿಗೆಗಳು ಇನ್ನೂ ನಿದ್ದೆಯಲ್ಲಿವೆ, ಗಾಜುಗಳ ಮೇಲೆ ನಿನ್ನೆಯ ಬೆರಳುಗಳ ಗುರುತು, ದೂಳು ಬಿಸಿಲಿನಲ್ಲಿ ಯಾವ ಅವಸರವೂ ಇಲ್ಲದೆ ಇಳಿಯುತ್ತಿದೆ, ಏರುತ್ತಿದೆ. ಹನ್ನೆರಡು ಗಂಟೆಗೆ ಕೊಳ್ಳೋರು ಬರ್ತಾರೆ ಕಿವಿಯಮ್ಮಾ, ಎಂದಿದ್ದ ಯಜಮಾನ ಬೀಗ ತೆಗೆಯುತ್ತಲೇ, ಅಷ್ಟರೊಳಗೆ ಹಳೇ ಸೌಂಡ್ ಬೋರ್ಡ್ ಕಿತ್ತು ಇದನ್ನ ಹಾಕಿಬಿಡಿ, ಇನ್ನೂರು ಸದ್ದಿದೆಯಂತೆ ಇದ್ರಲ್ಲಿ, ಹುಡುಗಿ ಎಷ್ಟು ಚೆನ್ನಾಗಿ ನಗ್ತಾ ಮಾತಾಡ್ತಾಳೆ ಗೊತ್ತಾ, ಹಳೇದು ಗುಜರಿಗೆ. ಒಂದ್ಸಲ ನೋಡ್ತೀನಿ ಸರ್, ಹಳೇದೇ ಸರಿಹೋಗ್ಬಹುದು, ಎಂದಿದ್ದಳು. ನೋಡಿ ನೋಡಿ, ನಿಮ್ಮ ಕಿವಿಗೆ ಹೊಟ್ಟೆ ತುಂಬೋದೇ ಇಲ್ಲ, ಎಂದು ನಕ್ಕು ಕಾಗದಪತ್ರ ತರಲು ಹೋದ. ಹೊಸ ಬೋರ್ಡು ಪ್ಲಾಸ್ಟಿಕ್ ಕವರಿನೊಳಗೆ ಸ್ಟೂಲಿನ ಮೇಲೆ ಕೂತಿದೆ, ಹಸಿರಾಗಿ, ಅಂಗೈಯಷ್ಟು, ದೂಳು ಕಾಣದ್ದು, ಮದುವೆಗೆ ಬಂದವರ ಹಾಗೆ ಠೀವಿಯಿಂದ. ಅದಕ್ಕೇನು ಗೊತ್ತು.

ಈ ಪೆಟ್ಟಿಗೆಯಲ್ಲಿ ಒಂದು ಸುರಂಗ ಇದೆ, ಸುರಂಗದಲ್ಲಿ ದೀಪ ಹಿಡಿದು ಓಡುವ ಪುಟ್ಟ ಬೊಂಬೆ ಇದೆ, ಮತ್ತು ಒಂದು ದನಿ ಇದೆ — ಬೊಂಬೆ ಹೊರಟಾಗ ಬಾ ಎನ್ನುತ್ತದೆ, ಕಲ್ಲು ಉರುಳುವಾಗ ಹುಷಾರು ಎನ್ನುತ್ತದೆ, ಬೊಂಬೆ ಸತ್ತಾಗ ಇನ್ನೊಂದ್ಸಲ ಎನ್ನುತ್ತದೆ, ಎಷ್ಟು ಸಲ ಸತ್ತರೂ ಅದೇ ಅಕ್ಕರೆಯಿಂದ ಇನ್ನೊಂದ್ಸಲ. ಅದು ಅಕ್ಕನ ದನಿ. ಯಜಮಾನನಿಗೆ ಗೊತ್ತಿಲ್ಲ, ಯಾರಿಗೂ ಹೇಳಿಲ್ಲ, ಹೇಳಿದರೆ ಅಯ್ಯೋ ಪಾಪ ಎನ್ನುತ್ತಾರೆ, ಆ ಅಯ್ಯೋ ಪಾಪ ಅವಳಿಗೆ ಬೇಡ. ಊರಿನಲ್ಲಿದ್ದ ಈ ಆಟದ ಉಳಿದ ಪೆಟ್ಟಿಗೆಗಳು ಒಂದೊಂದಾಗಿ ಗುಜರಿಯ ದಾರಿ ಹಿಡಿದವು, ಇದೊಂದೇ ಉಳಿದದ್ದು, ಹದಿನಾಲ್ಕು ವರ್ಷದಿಂದ ಪ್ರತಿ ಸೋಮವಾರ ಅವಳು ಬಂದು ಎಲ್ಲಾ ಪೆಟ್ಟಿಗೆಗಳ ಗುಂಡಿ, ಹಿಡಿಕೆ, ತಂತಿ ನೋಡಿ ಕೊನೆಗೆ ಇದರ ಮುಂದೆ ನಿಂತು ಒಂದೇ ಒಂದು ಆಟ ಆಡುತ್ತಾಳೆ, ಬೇಕಂತಲೇ ಸಾಯುತ್ತಾಳೆ. ಟೋಕನ್ ಕೌಂಟರಿನಲ್ಲಿ ಕೂರುವವಳು ನೋಡಿ ನೋಡಿ ಸಾಕಾಗಿ ಒಂದು ದಿನ ಕೇಳಿಯೇಬಿಟ್ಟಳು, ಅಲ್ಲಕ್ಕಾ, ಇಷ್ಟು ವರ್ಷ ಆಡ್ತಾ ಇದೀರಿ, ಮೊದಲನೇ ಕಲ್ಲಿಗೇ ಸಾಯ್ತೀರಲ್ಲ, ನನ್ನ ಮಗಳು ಬೇಕಾದ್ರೆ ಹೇಳ್ಕೊಡ್ತಾಳೆ. ಫೋಟೋ ಮೂರಿವೆ ಅಕ್ಕನದು, ಫೋಟೋ ಬಾ ಎನ್ನುವುದಿಲ್ಲ. ಹೋದ ತಿಂಗಳು ದನಿ ಕೊರಕೊರ ಎನ್ನತೊಡಗಿತು, ಆಮೇಲೆ ಬಂದು ಬಂದು ಹೋಯಿತು, ಆಮೇಲೆ ಹೋದದ್ದು ಬರಲಿಲ್ಲ, ಅದರ ಜಾಗದಲ್ಲಿ ಈ ಗುಂಯ್ — ಅಕ್ಕನದೂ ಹಾಗೇ ಆಗಿದ್ದು, ಮೊದಲು ಕೆಮ್ಮು, ಆಮೇಲೆ ಒಡಕು, ಕೊನೆಯ ಎರಡು ವರ್ಷ ಬರೀ ಪಿಸುಮಾತು, ಬಾಗಿಲ ಬಳಿ ನಿಂತವರಿಗೆ ತುಟಿ ಅಲುಗಿದ್ದು ಮಾತ್ರ ಕಾಣುತ್ತಿತ್ತು.

ಸರಿ, ಗುಂಯ್. ಇದು ದನಿಯ ಕಾಯಿಲೆಯಲ್ಲ, ಕರೆಂಟಿನ ಕಾಯಿಲೆ, ಗೋಡೆಯಿಂದ ಬರುವ ಕರೆಂಟಿನ ಅಲೆಯನ್ನು ತಟ್ಟಿ ಮಟ್ಟಮಾಡುವ ಕೆಪಾಸಿಟರು ಒಳಗೊಳಗೇ ಒಣಗಿದೆ, ನೋಡು, ತಲೆ ಉಬ್ಬಿಸಿಕೊಂಡಿದೆ, ಕೋಪ ಬಂದ ಅತ್ತೆಯ ಕೆನ್ನೆ. ಸ್ವಿಚ್ಚು ತೆಗೆದಳು, ಚಾರ್ಜು ಇಳಿಯಲು ಬಿಟ್ಟಳು, ಇಳಿಯಿತೇ ಎಂದು ನೋಡಿದಳು, ಹಳೆಯದನ್ನು ಬಿಡಿಸಿ ಹೊಸದನ್ನು ಕೂರಿಸಿದಳು, ಬೆಸೆಯುವ ಸೋಲ್ಡರು ತಂತಿ ಕರಗುತ್ತಲೇ ರಾಳದ ವಾಸನೆ ಎದ್ದಿತು, ಸಿಹಿ, ಕಟು, ಮೂಗಿನ ಹಿಂದೆ ಗೀರುವಂಥದ್ದು, ಮೂವತ್ತೆರಡು ವರ್ಷದ ಹಿಂದಿನ ಬಾಗಿಲು ತೆರೆಯಲು ಬೇರೇನೂ ಬೇಡ, ಇದೊಂದು ಎಳೆ ಹೊಗೆ ಸಾಕು — ಉದ್ದನೆಯ ಕೋಣೆ, ಎರಡು ಸಾಲು ಮೇಜು, ಮೇಜಿಗೊಂದು ದೀಪ, ದೀಪಕ್ಕೊಂದು ಬಗ್ಗಿದ ತಲೆ, ದೂಳು ಬರಬಾರದೆಂದು ಮೊಳೆ ಹೊಡೆದು ಮುಚ್ಚಿದ ಕಿಟಕಿಗಳು, ಮತ್ತು ಆ ತುದಿಯ ಗೋಡೆಯಲ್ಲಿ ಫ್ಯಾನು, ಅದರ ಕಂಬಿಗೆ ಅಕ್ಕ ಕಟ್ಟಿದ ಜಡೆಯ ರಿಬ್ಬನ್ನು, ಕೆಂಪು. ಗಾಳಿ ಆಡ್ತಿದೆಯೋ ಇಲ್ವೋ ಇಲ್ಲಿಂದಲೇ ಗೊತ್ತಾಗ್ಬೇಕು ಪುಟ್ಟಿ, ಎಂದಿದ್ದಳು ಅಕ್ಕ, ಸ್ಟೂಲಿನ ಮೇಲೆ ಸ್ಟೂಲಿಟ್ಟು ಹತ್ತಿ. ಫ್ಯಾನು ತಿರುಗುವಾಗ ರಿಬ್ಬನ್ನು ಆಚೆಗೆ ಹಾರುತ್ತಿತ್ತು, ಓಡಿಹೋಗಲು ಹೊರಟವಳ ಹಾಗೆ, ನಲವತ್ತು ಮೇಜಿನ ಹೊಗೆ ಅದರ ಬೆನ್ನು ಹತ್ತಿ ಸಾಲಾಗಿ ಹೊರಗೆ ನಡೆಯುತ್ತಿತ್ತು. ಈಗ ಸ್ವಿಚ್ಚು ಹಾಕಿದಳು. ಗುಂಯ್ ಇಲ್ಲ. ಅದು ಹೋದ ಮೇಲೆ ಉಳಿಯುವ ನಿಶ್ಶಬ್ದ ಬರೀ ನಿಶ್ಶಬ್ದವಲ್ಲ, ಹತ್ತಿಯ ಹಾಗೆ ಮೆತ್ತಗೆ ಇರುತ್ತದೆ, ಅದರೊಳಗೆ ಕೈಯಿಟ್ಟರೆ ಬೆಚ್ಚಗೆ.

ಅಕ್ಕಾ, ನಿಂತ್ಹೋಯ್ತಲ್ಲ, ಎಂದಳು ಕೌಂಟರಿನವಳು ಟೋಕನ್ನುಗಳನ್ನು ಡಬ್ಬಿಗೆ ಸುರಿಯುತ್ತ, ಸತ್ತೇಹೋಯ್ತಾ ಏನು. ಇಲ್ಲ ಕಣೆ, ಗೊರಕೆ ನಿಂತಿದೆ ಅಷ್ಟೆ. ನನ್ನ ಗಂಡನಿಗೂ ಒಂದು ಹಾಕಿ ಬಿಡಿ ಹಂಗಾದ್ರೆ, ಅದೇನೋ ಈಗ ಹಾಕಿದ್ರಲ್ಲ. ನಗು ಪೆಟ್ಟಿಗೆಗಳ ನಡುವೆ ಹಾದುಹೋಯಿತು, ನಕ್ಕದ್ದು ತಾನೇ ಎಂದು ಅವಳಿಗೆ ಆಮೇಲೆ ತಿಳಿಯಿತು. ವಾಲ್ಯೂಮು ತಿರುಗಿಸಿದರೆ ಕರಕರ, ಒಣ ಎಲೆ ತುಳಿದಂತೆ, ಅದು ಕೊಳೆ, ಕ್ಲೀನರು ಎರಡು ಹನಿ ಬಿಟ್ಟು ಆ ಕಡೆ ಈ ಕಡೆ ಇಪ್ಪತ್ತು ಸಲ ತಿರುಗಿಸಿದರೆ ಹೋಗುತ್ತದೆ, ಹೋಯಿತು. ಬೆರಳ ತುದಿಯನ್ನು ವಾಲ್ಯೂಮಿನ ಹಿಂದಿನ ಮೂರು ಕಾಲುಗಳಲ್ಲಿ ನಡುವಿನದಕ್ಕೆ ತಾಗಿಸಿದಳು, ಸ್ಪೀಕರು ಬುರ್ ಎಂದಿತು, ಸರಿ, ಇಲ್ಲಿಂದಾಚೆ ಎಲ್ಲಾ ಬದುಕಿದೆ, ಕಾಯಿಲೆ ಇನ್ನೂ ಹಿಂದಿದೆ — ಹಿಂದೆ ಹಿಂದೆ ಹೋಗುವುದೇ ಈ ಕೆಲಸ, ಸದ್ದು ಹೊರಬರುವ ಬಾಯಿಂದ ಅದು ಹುಟ್ಟುವ ಜಾಗದವರೆಗೆ, ಒಂದೊಂದೇ ಮೆಟ್ಟಿಲು, ಎಲ್ಲಿ ಬದುಕು ನಿಂತು ಎಲ್ಲಿ ಮೌನ ಶುರುವಾಯಿತೋ ಆ ಎರಡರ ನಡುವಿನ ಜಾಗ ಹುಡುಕುವುದು. ಬಾಗಿಲ ಒಳಮೈಗೆ ಕಾರ್ಖಾನೆಯವರು ಅಂಟಿಸಿದ ಪಟ್ಟಿ ಹಳದಿಗಟ್ಟಿದೆ, ಪರೀಕ್ಷೆಯ ಗುಂಡಿ ಒತ್ತಿದರೆ ಸದ್ದುಗಳು ಒಂದೊಂದಾಗಿ ಬರಬೇಕು, ಒಂದು ನಾಣ್ಯ, ಎರಡು ಹೆಜ್ಜೆ, ಮೂರು ನೆಗೆತ, ನಾಲ್ಕು ಕಲ್ಲು, ಐದು ನೀರು, ಆರು ದೀಪ ಆರಿದ್ದು, ಏಳು ಬಾ, ಎಂಟು ಹುಷಾರು, ಒಂಬತ್ತು ಇನ್ನೊಂದ್ಸಲ, ಹತ್ತು ಖಾಲಿ. ಒತ್ತಿದಳು. ನಾಣ್ಯ ಬಿತ್ತು, ಹೆಜ್ಜೆ ನಡೆಯಿತು, ಬೊಂಬೆ ನೆಗೆಯಿತು, ಕಲ್ಲು ಉರುಳಿತು, ನೀರು ಎಲ್ಲೋ ತೊಟ್ಟಿಕ್ಕಿತು, ದೀಪ ಉಫ್ ಎಂದು ಆರಿತು. ಏಳು. ಏನೂ ಇಲ್ಲ. ಎಂಟು. ಒಂಬತ್ತು. ಏನೂ ಇಲ್ಲ, ಏನೂ ಇಲ್ಲ. ದೀಪ ಆರಿದ ಮೇಲೆ ಕರೆಯುವವರು ಯಾರೂ ಇಲ್ಲದ ಸುರಂಗ.

ಬೋರ್ಡು ಹೊರತೆಗೆದಳು, ಬ್ರಷ್ಷಿನಿಂದ ದೂಳು ಸರಿಸಿದಳು, ಮೂಲೆಯಲ್ಲಿ ಚುಕ್ಕೆಗಳು ಕಂಡವು. ಸೋಲ್ಡರಿನ ಚುಕ್ಕೆಗಳು, ಕೆಲಸಕ್ಕೆ ಬೇಕಿಲ್ಲದವು, ಸಾಸಿವೆಯಷ್ಟು — ಆ ಸಾಲಿನ ಹುಡುಗಿಯರು ತಾವು ಮಾಡಿದ ಬೋರ್ಡಿನ ಮೂಲೆಯಲ್ಲಿ ತಮ್ಮ ಗುರುತು ಇಡುತ್ತಿದ್ದರು, ಕೆಟ್ಟ ಬೋರ್ಡು ವಾಪಸು ಬಂದರೆ ಚುಕ್ಕೆ ನೋಡಿ ಯಾರದೆಂದು ತಿಳಿದು, ಸೂಪರ್‌ವೈಸರಿನ ಕಣ್ಣಿಗೆ ಬೀಳುವ ಮೊದಲೇ ಪಕ್ಕದವಳು ಮಡಿಲಿಗೆ ಎಳೆದುಕೊಂಡು ಸರಿಮಾಡಿ ಸಾಲಿಗೆ ಸೇರಿಸುತ್ತಿದ್ದಳು, ಮಾತಿಲ್ಲ, ಉಪಕಾರವೂ ಇಲ್ಲ, ನಾಳೆ ನಿನ್ನದು ನನ್ನ ಮಡಿಲಿಗೆ. ಅಕ್ಕನದು ಎರಡು ಚುಕ್ಕೆ. ಇಲ್ಲಿರುವುದು ಮೂರು. ಭೂತಗನ್ನಡಿ ಹಿಡಿದಳು, ಮತ್ತೆ ಎಣಿಸಿದಳು, ಮೂರು, ಮೂರನೆಯದು ಸ್ವಲ್ಪ ವಾರೆ. ತನ್ನದೇ ಗುರುತು. ದನಿ ತುಂಬಿಟ್ಟ ಎಲೆಕ್ಟ್ರಾನಿಕ್ ಚಿಪ್ಪಿನ ಕಾಲುಗಳನ್ನು ಒಂದೊಂದಾಗಿ ನೋಡುತ್ತ ಹೋದಳು, ಹೊಳೆಯುವ ಬೆಸುಗೆ, ಹೊಳೆಯುವ ಬೆಸುಗೆ, ಹನ್ನೊಂದನೆಯದು ಮಂಕು, ಬೂದಿ ಬಣ್ಣ, ಕಾಲಿನ ಸುತ್ತ ಕೂದಲೆಳೆಯಂಥ ಉಂಗುರ, ಡ್ರೈ ಸೋಲ್ಡರು, ಕಾಯದ ಕಾಲಿಗೆ ಕಾದ ಸೋಲ್ಡರು ಬಿಟ್ಟರೆ ಆಗುವಂಥದ್ದು, ಅಂಟಿದಂತೆ ಕಾಣುತ್ತದೆ ಅಂಟಿರುವುದಿಲ್ಲ, ಹೊಸಬರು ಮಾಡುವ ತಪ್ಪು, ಇಲ್ಲವೇ ಕೈ ನಡುಗುವವರು.

ಹೊಸಬಳಾಗಿರಲಿಲ್ಲ ಅವಳು. ಎರಡು ವರ್ಷವಾಗಿತ್ತು ಆಗಲೇ. ಹತ್ತೊಂಬತ್ತು ವಯಸ್ಸು, ಅಕ್ಕನಿಗೆ ಇಪ್ಪತ್ತನಾಲ್ಕು, ಅಕ್ಕನದು ಊಟದ ಹೊತ್ತಿಗೆ ಸಾಲಿನ ಈ ತುದಿಯಿಂದ ಆ ತುದಿಗೆ ಕರೆಯುವ ದನಿ, ಅದನ್ನು ಕೇಳಿದ ಯಾರೋ ದೊಡ್ಡವರು ಆಟಕ್ಕೆ ಇದೇ ದನಿ ಇರಲಿ, ಹೊರಗಿನವರು ಯಾಕೆ ಎಂದರಂತೆ, ಒಂದು ಮಧ್ಯಾಹ್ನ ರೆಕಾರ್ಡಿಂಗಿನವನು ಟವೆಲು ಸುತ್ತಿದ ಮೈಕು ಹಿಡಿದು ಬಂದ. ಫ್ಯಾನಿನ ಸದ್ದು ಬರ್ತಿದೆ, ಎಂದ. ಸೂಪರ್‌ವೈಸರು — ಹುಡುಗಿಯರೆಲ್ಲ ಗಡಿಯಾರ ಎನ್ನುತ್ತಿದ್ದರು ಅವನನ್ನು, ಮಾತಾಡುವಾಗಲೂ ಮಣಿಕಟ್ಟು ನೋಡಿಕೊಳ್ಳುತ್ತಿದ್ದ — ಹೋಗಿ ಸ್ವಿಚ್ಚು ಒತ್ತಿದ, ರೆಕ್ಕೆಗಳು ನಿಧಾನವಾದವು, ಒಂದೊಂದೂ ಬೇರೆ ಬೇರೆಯಾಗಿ ಕಂಡಿತು, ನಿಂತಿತು, ರಿಬ್ಬನ್ನು ಇಳಿಬಿತ್ತು. ನಲವತ್ತು ಜನ ಉಸಿರು ಬಿಗಿಹಿಡಿದು ಕೂತರು. ಕಾದ ಬೆಸುಗೆ ಕಡ್ಡಿಗಳಿಂದ ಹೊಗೆ ಎತ್ತಲೂ ಬಾಗದೆ ನೆಟ್ಟಗೆ ಮೇಲಕ್ಕೆ ಹೋಗುವುದನ್ನು ಅವಳು ಮೊದಲ ಸಲ ನೋಡಿದ್ದು ಆಗ, ಚೆಂದವಾಗಿತ್ತು, ಅದೇ ನಾಚಿಕೆ, ಚೆಂದವಾಗಿತ್ತು, ನಲವತ್ತು ಬಿಳಿ ದಾರ. ಅಕ್ಕ ಬಾ ಎಂದಳು, ಹುಷಾರು ಎಂದಳು, ಇನ್ನೊಂದ್ಸಲ ಎಂದಳು, ಇನ್ನೊಂದ್ಸಲ ಹೇಳಮ್ಮಾ ಇನ್ನೊಂದ್ಸಲ ಎಂದು ರೆಕಾರ್ಡಿಂಗಿನವನು ಹೇಳಿದಾಗ ಎಲ್ಲರೂ ನಕ್ಕರು. ಆ ದಿನ ಫ್ಯಾನು ಹಾಕಲಿಲ್ಲ, ಮಾರನೇ ದಿನವೂ ಇಲ್ಲ, ಗಾಳಿ ಆಡಿದ್ರೆ ಬೆಸುಗೆ ಬೇಗ ಆರುತ್ತೆ, ಕೆಡುತ್ತೆ, ಫ್ಯಾನಿಲ್ದೇ ಇದ್ರೇ ಕೆಲಸ ಚೆನ್ನಾಗಾಗ್ತಿದೆ, ಎಂದ ಗಡಿಯಾರ, ಒಂಬತ್ತನೇ ದಿನ ಅಕ್ಕ ಬಂದವಳು ಕೂರಲಿಲ್ಲ. ಫ್ಯಾನ್ ಹಾಕೋವರೆಗೂ ಕೂರಲ್ಲ ಸರ್. ನಿಂತೇ ಇರಮ್ಮ ಹಾಗಾದ್ರೆ, ಬಾಗಿಲಿನ ಆಚೆ ಹೋಗಿ ನಿಂತ್ಕೋ, ಎಂದು ಅವನು ಮಣಿಕಟ್ಟು ನೋಡಿಕೊಂಡ, ಆಮೇಲೆ ಸಾಲಿನ ಕಡೆ ತಿರುಗಿ, ನೀನು, ತಂಗಿ ಅಲ್ವಾ ನೀನು, ಬಾ, ಇಲ್ಲಿ ಕೂತ್ಕೋ. ಅವನು ಕೆಟ್ಟವನಲ್ಲ ಎಂದು ಆಮೇಲೆ ಎಷ್ಟೋ ಜನ ಹೇಳಿದರು, ಸ್ವಿಚ್ಚು ಒತ್ತುವುದಕ್ಕೆ ಕೆಟ್ಟವನಾಗಬೇಕಿಲ್ಲ, ಒಂದು ಬೆರಳಿದ್ದರೆ ಸಾಕು. ಮತ್ತು ಕೂರುವುದಕ್ಕೆ ಏನಿರಬೇಕು. ಅಕ್ಕ ಹಳೆಯ ಬಟ್ಟೆ ಸೇರಿಸಿ ಹೊಲಿದ ದಿಂಬು ಆ ಸ್ಟೂಲಿನ ಮೇಲಿತ್ತು, ಅವಳು ಅದರ ಮೇಲೆ ಕೂತಳು, ಬಾಗಿಲಲ್ಲಿ ಅಕ್ಕ ತಿರುಗಿ ನೋಡಿದಳೋ ಇಲ್ಲವೋ ಗೊತ್ತಿಲ್ಲ, ಅವಳು ಬೋರ್ಡು ನೋಡುತ್ತಿದ್ದಳು, ಈ ಬೋರ್ಡನ್ನೋ, ಇಂಥದೇ ಇನ್ನೊಂದನ್ನೋ, ಕೈ ನಡುಗುತ್ತಿತ್ತು, ಆದರೂ ಮಾಡಿದಳು, ಮಾಡಿ ಮೂಲೆಯಲ್ಲಿ ಮೂರು ಚುಕ್ಕೆ ಇಟ್ಟಳು. ಗಾಳಿಯಿಲ್ಲದ ಕೋಣೆಯಲ್ಲಿ ಕೆಟ್ಟ ಬೆಸುಗೆ. ಮೂವತ್ತೆರಡು ವರ್ಷ ಅದು ಅಕ್ಕನ ದನಿಯನ್ನು ಹೇಗೋ ಹಿಡಿದುಕೊಂಡಿತ್ತು, ಹೋದ ತಿಂಗಳು ಕೈಬಿಟ್ಟಿತು.

ಕೂತದ್ದಕ್ಕೆ ಅಕ್ಕ ಮನೆಯಲ್ಲಿ ಬೈಯಲಿಲ್ಲ. ಸಂಜೆ ಬಾಗಿಲು ತೆಗೆದು ಚೀಲ ಇಸಿದುಕೊಂಡು ಕೇಳುತ್ತಿದ್ದುದು ಅದೊಂದೇ, ರಿಬ್ಬನ್ ಅಲುಗಾಡ್ತಾ ಪುಟ್ಟಿ. ಇಲ್ಲಕ್ಕ. ಮಾರನೇ ದಿನ, ಅಲುಗಾಡ್ತಾ. ಇಲ್ಲಕ್ಕ. ತಿಂಗಳುಗಟ್ಟಲೆ ಹೀಗೆ, ಕೆಮ್ಮು ಶುರುವಾದ ಮೇಲೂ, ಒಂದು ಸಂಜೆ ಆ ಪ್ರಶ್ನೆಯನ್ನು ಇನ್ನು ಹೊರಲಾರೆ ಎನ್ನಿಸಿ, ಹೂಂ ಅಕ್ಕ, ಇವತ್ತು ಅಲುಗಾಡ್ತು, ಎಂದುಬಿಟ್ಟಳು. ಅಕ್ಕನ ಮುಖ — ಬೇಡ. ಎಷ್ಟು, ಎಂದು ಕೇಳಿದಳು ಅಕ್ಕ. ಜೋರಾಗಿ, ಎಂದಳು ಅವಳು. ಅಲ್ಲಿಗೆ ಅಕ್ಕ ಕೇಳುವುದನ್ನು ಬಿಟ್ಟಳು, ಗೆದ್ದವಳ ಹಾಗೆ ಮಲಗಿದಳು, ಸಾಯುವವರೆಗೂ ತಾನು ನಿಂತದ್ದರಿಂದ ಫ್ಯಾನು ತಿರುಗುತ್ತಿದೆ ಎಂದೇ ನಂಬಿದ್ದಳು, ಕಾರ್ಖಾನೆ ಬಾಗಿಲು ಮುಚ್ಚಿದ ದಿನ ಕೊನೆಗೆ ಹೊರಬಂದವಳು ತಂಗಿ, ದೀಪ ಆರಿಸುವಾಗ ತಿರುಗಿ ನೋಡಿದ್ದಳು, ರಿಬ್ಬನ್ನಿನ ಕೆಂಪು ಹೋಗಿ ಕಂದಾಗಿತ್ತು, ರಾಳದ ಹೊಗೆ ಕೂತು ಕೂತು ಕಡ್ಡಿಯ ಹಾಗೆ ಸೆಟೆದಿತ್ತು, ನೇರ ನೆಲ ನೋಡುತ್ತ.

ಬೆಸುಗೆ ಕಡ್ಡಿ ಕಾದಿದೆ. ಮೊದಲು ಕಾಲನ್ನು ಕಾಯಿಸು, ಎನ್ನುತ್ತಿದ್ದಳು ಅಕ್ಕ, ಸೋಲ್ಡರನ್ನಲ್ಲ, ಕಾಲನ್ನ, ಕಾಲು ಕಾದ್ರೆ ಸೋಲ್ಡರು ತಾನಾಗಿ ಓಡಿ ಬರುತ್ತೆ, ಕರೆಯೋದೇ ಬೇಡ. ಹಳೆಯದನ್ನು ಹೀರಿ ತೆಗೆದಳು, ಕಾಯಿಸಿದಳು, ಒಂದು, ಎರಡು, ಮೂರು ಉಸಿರು, ಬೂದಿ ಬಣ್ಣ ಕರಗಿ ಹೊಳಪು ಬಂತು, ಹೊಗೆ ಎದ್ದಿತು, ನೆಟ್ಟಗೆ, ಎತ್ತಲೂ ಬಾಗದೆ, ಕಣ್ಣಿಗೇ ಬಂತು, ಕೆಮ್ಮಿದಳು. ಬೋರ್ಡು ಕೂರಿಸಿದಳು, ಸ್ವಿಚ್ಚು ಹಾಕಿದಳು, ಪರೀಕ್ಷೆಯ ಗುಂಡಿ — ನಾಣ್ಯ, ಹೆಜ್ಜೆ, ನೆಗೆತ, ಕಲ್ಲು, ನೀರು, ದೀಪ ಉಫ್. ಬೆರಳು ನಿಂತಿತು. ಒತ್ತಿದಳು. ಬಾ. ಇಷ್ಟು ಹತ್ತಿರದಲ್ಲಿ, ಪೆಟ್ಟಿಗೆಯ ಹಿಂದಿನಿಂದ, ಅವಳು ಇದನ್ನು ಎಂದೂ ಕೇಳಿರಲಿಲ್ಲ, ಕಿವಿಯ ಬಳಿಯೇ, ಇಪ್ಪತ್ತನಾಲ್ಕು ವರ್ಷದವಳ ಬಾ. ಹುಷಾರು. ಇನ್ನೊಂದ್ಸಲ. ಬಿಸಿಲಿನಲ್ಲಿ ದೂಳು ಏರುತ್ತಿದೆ ಇಳಿಯುತ್ತಿದೆ, ಬೆರಳು ಗುಂಡಿಯ ಮೇಲೇ ಇದೆ, ತೆಗೆಯಲು ಮರೆತು, ಮತ್ತೊಮ್ಮೆ ಒತ್ತಿತು, ಹತ್ತು, ಖಾಲಿ ಎಂದು ಬರೆದದ್ದು, ಯಾರೂ ಯಾವತ್ತೂ ಒತ್ತದ್ದು, ಪಟ್ಟಿಯನ್ನು ನಂಬಿ ಅವಳೂ ಒತ್ತದ್ದು — ಒಂದು ಬಟ್ಟೆ ಸವರಿದ ಸದ್ದು, ಟವೆಲಿನದು, ಒಂದು ಕುರ್ಚಿ ಸರಿದದ್ದು, ನಲವತ್ತು ಜನ ಒಟ್ಟಿಗೆ ಉಸಿರು ಬಿಟ್ಟದ್ದು, ಆಮೇಲೆ, ದನಿಯನ್ನು ಏನೂ ತಿದ್ದದೆ, ಆಟಕ್ಕಲ್ಲದೆ, ಮೈಕಿನ ಆಚೆಗೆ ಯಾರನ್ನೋ ನೋಡುತ್ತ ಅಕ್ಕ, ಆಯ್ತಲ್ಲ, ಇನ್ನು ಫ್ಯಾನ್ ಹಾಕಿ.

ಹಾಕ್ತೀನಿ ಅಕ್ಕಾ, ಎಂದಳು ಕೌಂಟರಿನವಳು. ಹೊಗೆ ನಂಗೂ ಬಂತು, ಹೇಳೋಕಾಗಲ್ವಾ ಆಗ್ಲೇ, ಎನ್ನುತ್ತ ತನ್ನ ಕೌಂಟರಿನ ಟೇಬಲ್ ಫ್ಯಾನನ್ನು ವೈರಿನ ಸಮೇತ ಎಳೆದು ತಂದು ಪೆಟ್ಟಿಗೆಯ ಪಕ್ಕ ನೆಲಕ್ಕಿಟ್ಟು ಪ್ಲಗ್ ಚುಚ್ಚಿದಳು, ಗುಂಡಿ ಒತ್ತಿದಳು, ರೆಕ್ಕೆಗಳು ಬೇರೆ ಬೇರೆಯಾಗಿ ಕಂಡು ಒಂದಾದವು, ಹಳೆಯ ಫ್ಯಾನು, ಗಡಗಡ ಎನ್ನುತ್ತದೆ, ಕಡ್ಡಿಯ ತುದಿಯಲ್ಲಿ ನಿಂತಿದ್ದ ಹೊಗೆ ಒಮ್ಮೆ ತಡವರಿಸಿ ಬಾಗಿತು, ಶಟರಿನ ಅರ್ಧ ಬೆಳಕಿನ ಕಡೆ ಹೊರಟಿತು. ಹಾಕಿ ಎಂದದ್ದು ಅವಳಲ್ಲ. ಕೇಳಿದವಳು ಬೇರೆ. ಕೌಂಟರಿನವಳಿಗೆ ಅದು ಗೊತ್ತಿಲ್ಲ, ಯಾರೋ ಫ್ಯಾನ್ ಹಾಕಿ ಎಂದರು, ಎದ್ದು ಬಂದು ಹಾಕಿದಳು, ಇಷ್ಟೇ ಇದ್ದದ್ದು, ಇಷ್ಟೇ ಆಗಬೇಕಾಗಿದ್ದದ್ದು, ಇಪ್ಪತ್ತು ಹೆಜ್ಜೆ, ಒಂದು ಬೆರಳು. ಏನಕ್ಕಾ, ಕಣ್ಣಿಗೆ ಹೋಯ್ತಾ ಹೊಗೆ, ಒರೆಸ್ಕೊಳ್ಳಿ. ಹೂಂ, ಹೋಯ್ತು.

ಶಟರಿನ ಕೆಳಗೆ ಬೂಟುಗಳು ಕಂಡವು, ಆಮೇಲೆ ಬಗ್ಗಿದ ಬೆನ್ನು, ಆಮೇಲೆ ಯಜಮಾನ. ಆಯ್ತಾ ಕಿವಿಯಮ್ಮಾ, ಹೊಸದು ಹಾಕಿದ್ರಾ. ಹಳೇದೇ ಸರಿಹೋಯ್ತು ಸರ್. ಅಯ್ಯೋ, ಅದ್ಯಾಕೆ, ಹೇಳಿರಲಿಲ್ವಾ ನಾನು, ಅವರು ಹೊಸ ದನಿ ಅಂತಾನೇ ಒಪ್ಕೊಂಡಿರೋದು, ಕೀಳಿ ಅದನ್ನ, ಹತ್ತು ನಿಮಿಷದ ಕೆಲಸ. ಅವಳು ಎದ್ದಿಲ್ಲ, ತೆರೆದ ಹಿಂಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಾಳೆ, ಬೆನ್ನಿಗೆ ಪೆಟ್ಟಿಗೆಯ ಬಿಸಿ ತಾಗುತ್ತಿದೆ. ಕೀಳಲ್ಲ ಸರ್, ಎಂದಳು. ಏನು. ಇದರಲ್ಲಿ ಇರೋದು ನಮ್ಮಕ್ಕ. ಏನಂದ್ರಿ, ಕೇಳಿಸ್ಲಿಲ್ಲ, ಎಂದು ಅವನು ಕಿವಿಗೆ ಕೈ ಆನಿಸಿ ಬಗ್ಗಿದ, ನಿಜವಾಗಿಯೂ ಕೇಳಿಸಿರಲಿಲ್ಲ, ಒರಟನಲ್ಲ ಅವನು, ಮುಖದಲ್ಲಿ ನಗುವೂ ಇತ್ತು, ಅದೇನು ದನಿ ಅಂತ ನಾನೂ ಒಂದ್ಸಲ ಕೇಳ್ತೀನಿ ಇರಿ, ಮೊದಲು ಆ ಫ್ಯಾನ್ ಆರಿಸಿ, ಗಡಗಡ ಅನ್ನುತ್ತೆ, ಏನೂ ಕೇಳಿಸ್ತಿಲ್ಲ. ಫ್ಯಾನಿನ ಗುಂಡಿ ಅವಳ ಬಲಗೈಗೆ ಒಂದು ಗೇಣು ದೂರದಲ್ಲಿದೆ, ಕೈ ಚಾಚುವುದೂ ಬೇಡ, ಒಂದು ಬೆರಳು ಸಾಕು, ಕೌಂಟರಿನವಳು ಇವನ ಮುಖ ಅವಳ ಮುಖ ನೋಡುತ್ತಿದ್ದಾಳೆ, ಹೊಗೆ ಬಾಗಿ ಹೋಗುತ್ತಲೇ ಇದೆ, ಆರಿಸಿ ಅಂದ್ನಲ್ಲ ಕಿವಿಯಮ್ಮಾ.

ಆರಿಸಲ್ಲ, ಎಂದಳು, ಈ ಸಲ ಫ್ಯಾನನ್ನೂ ಮೀರಿ ಕೇಳಿಸುವಷ್ಟು ಜೋರಾಗಿ, ಸಾಲಿನ ಈ ತುದಿಯಿಂದ ಆ ತುದಿಗೆ ಕೇಳಿಸುವಷ್ಟು, ಬೋರ್ಡೂ ಕೀಳಲ್ಲ, ಫ್ಯಾನೂ ಆರಿಸಲ್ಲ, ತಿರುಗ್ತಿರುವಾಗಲೇ ಕೇಳಿ, ಕೇಳಿಸುತ್ತೆ — ಅಲುಗಾಡ್ತಾ ಪುಟ್ಟಿ — ಇಲ್ಲಕ್ಕ, ಆವತ್ತು ಸುಳ್ಳು ಹೇಳಿದೆ, ಅಲುಗಾಡಿರಲಿಲ್ಲ, ಒಂದು ದಿನವೂ, ಗೋಡೆ, ಗೋಡೆಯಲ್ಲಿ ನಿಂತ ರೆಕ್ಕೆ, ಕಂಬಿಗೆ ಕಟ್ಟಿದ ಕೆಂಪು ರಿಬ್ಬನ್ನು, ನೆಟ್ಟಗೆ, ರಿಬ್ಬನ್ನು, ಕೆಂಪು, ರಿಬ್ಬನ್ನಿನ ತುದಿ ಈಗ ಅಲುಗಾಡ್ತಿದೆ ಅಕ್ಕಾ —